ಅಣ್ಣ ಎಂಬ ಹೆಸರು

ಅಣ್ಣಾ ಹಜಾರೆಯವರಿಗೆ ಮನೆಯವರು ಇಟ್ಟ ಹೆಸರು ಕಿಸನ್. 2011ರಲ್ಲಿ ಭ್ರಷ್ಟಾಚಾರದ ವಿರುದ್ಧ ಅವರು ಉಪವಾಸ ಕೂತಾಗ ದೆಹಲಿಯ ರಾಮಲೀಲಾ ಮೈದಾನದಲ್ಲಿ ಜನ ತೊಟ್ಟ ಬಿಳಿ ಟೋಪಿಗಳ ಮೇಲೆ ಅವರು ‘ಅನ್ನಾ’ ಆಗಿದ್ದರು. ಹಿಂದಿಯಲ್ಲಿ ಬರೆಯುವುದು ಹಾಗೆ. ಮರಾಠಿಯಲ್ಲಿ ‘ಅಣ್ಣಾ’. ನಮ್ಮ ಪತ್ರಿಕೆಗಳೂ ಮರಾಠಿಯಂತೆಯೇ ಬರೆದವು. ಕನ್ನಡದಲ್ಲಾದರೋ ‘ಅಣ್ಣ’ನ ಕೊನೆ ಎಳೆದರೆ ಯಾರನ್ನೋ ಕೂಗಿದ ಹಾಗೆ. ಪತ್ರಿಕೆಯ ತಲೆಬರಹವೇ ಒಬ್ಬರನ್ನು ಕರೆಯುತ್ತಿದೆ ಅನ್ನಿಸುತ್ತಿತ್ತು.

ದಕ್ಷಿಣದ ಈ ಮಾತು ಮರಾಠಿಗೆ ಹೋಗಿ ಹಿರಿಯರಿಗೆಲ್ಲ ಸಲ್ಲುವ ಹೆಸರಾಯಿತು. 1880ರಲ್ಲಿ ಶಾಕುಂತಲವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕಕ್ಕೆ ದಾರಿ ತೆರೆದ ಬಳವಂತ ಪಾಂಡುರಂಗ ಕಿರ್ಲೋಸ್ಕರರು ‘ಅಣ್ಣಾಸಾಹೇಬ’ ಎಂದೇ ಪ್ರಸಿದ್ಧರು. ಅವರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಶಾಹೀರ, ಅಂದರೆ ಜನಪದ ಹಾಡುಗಾರ, ತುಕಾರಾಮ ಸಾಠೆಯವರು ‘ಅಣ್ಣಾಭಾವೂ’ ಆದರು. ಮರಾಠಿಯಲ್ಲಿ ಭಾವೂ ಎಂದರೂ ಸಹೋದರನೇ. ಎರಡು ನುಡಿಗಳ ಅಕ್ಕರೆ ಒಂದೇ ಹೆಸರಲ್ಲಿ ಕೂಡಿದ್ದು ನನಗೆ ಬಲು ಇಷ್ಟ.

ಮಹಾರಾಷ್ಟ್ರದ ಎಷ್ಟೋ ಮನೆಗಳಲ್ಲಿ ಅಪ್ಪನನ್ನೇ ಅಣ್ಣಾ ಅನ್ನುತ್ತಾರೆ. ನಮಗೂ ಇದು ಹೊಸತಲ್ಲ. ಕೂಡುಕುಟುಂಬದಲ್ಲಿ ಚಿಕ್ಕಪ್ಪಂದಿರು, ಅತ್ತೆಯರು ದಿನವಿಡೀ ‘ಅಣ್ಣ, ಅಣ್ಣ’ ಎನ್ನುವುದನ್ನು ಕೇಳಿ ಬೆಳೆದ ಮಕ್ಕಳು ತಂದೆಯನ್ನು ಹಾಗೆಯೇ ಕರೆದರು, ಮುದುಕರಾಗುವವರೆಗೂ ಕರೆದರು. ತುಳುವಿನಲ್ಲಂತೂ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ! ಘಟ್ಟದ ಮೇಲಿನವರು ಮೊದಲ ಸಲ ಕೇಳಿದಾಗ ತಬ್ಬಿಬ್ಬಾಗದೆ ಇರಲಾರರು.

ತಮಿಳುನಾಡಿನಲ್ಲಿ ಅಣ್ಣಾದೊರೈ ಎಂಬ ಹೆಸರಿನ ಅರ್ಧ ಉಳಿಯಿತು, ಅಣ್ಣ ಎಂಬ ಅರ್ಧ. ಅವರು ಪಕ್ಷದ ಕಾರ್ಯಕರ್ತರಿಗೆ ‘ತಂಬಿ’ ಎಂದು ಸಂಬೋಧಿಸಿ ಪತ್ರಗಳನ್ನು ಬರೆಯುತ್ತಿದ್ದರು. ತಮ್ಮಂದಿರಿದ್ದರೆ ತಾನೇ ಅಣ್ಣ? 1969ರಲ್ಲಿ ಅವರು ತೀರಿಕೊಂಡರು. ಮೂರು ವರ್ಷದ ಮೇಲೆ ಹುಟ್ಟಿದ ಪಕ್ಷ ತನ್ನ ಹೆಸರಿನಲ್ಲೇ ಅವರನ್ನು ಸೇರಿಸಿಕೊಂಡಿತು.

ನಮ್ಮಲ್ಲಿ ಬಸವಣ್ಣ ಎಂದಾಗ ಹನ್ನೆರಡನೆಯ ಶತಮಾನದ ಕಲ್ಯಾಣದ ಮಂತ್ರಿಯೊಬ್ಬರು ನಮ್ಮ ಮನೆಯ ಹಿರಿಮಗನಾಗುತ್ತಾರೆ. ರಾಜ್‌ಕುಮಾರ್ ‘ಅಣ್ಣಾವ್ರು’ ಆದರು. ಒಡಹುಟ್ಟಿದವನಿಗೆ ಯಾರೂ ಹೀಗೆ ಬಹುವಚನ ಹಚ್ಚುವುದಿಲ್ಲ. ಸಲಿಗೆಯನ್ನೂ ಬಿಡದೆ, ಗೌರವವನ್ನೂ ಬಿಡದೆ ಜನ ಕಟ್ಟಿಕೊಂಡ ಮಾತದು.

ಹೀಗೆ ಅಣ್ಣ ನಮ್ಮ ನಾಲಗೆಯಲ್ಲಿ ಆಳವಾಗಿ ಕೂತಿರುವುದರಿಂದಲೇ ಇನ್ನೊಂದು ಹೆಸರಿನ ಬಗ್ಗೆ ಎಚ್ಚರ ಬೇಕು. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಸಿರಿಯನ್ ಕ್ರೈಸ್ತ ಮನೆತನದಲ್ಲಿ ಹುಟ್ಟಿ, 1940ರಲ್ಲಿ ಬೆಂಗಳೂರಿಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಸಂಶೋಧನೆ ಮಾಡಿದ, ಮುಂದೆ ಹವಾಮಾನ ಇಲಾಖೆಗೆ ಬೇಕಾದ ಉಪಕರಣಗಳನ್ನು ಇಲ್ಲಿಯೇ ತಯಾರಿಸಲು ದುಡಿದ ಅನ್ನಾ ಮಣಿ ಹೆಣ್ಣುಮಗಳು. ಆ ಅನ್ನಾ ಹೀಬ್ರೂವಿನ ಹನ್ನಾದಿಂದ ಬಂದದ್ದು. ಇಂಗ್ಲಿಷ್ ಅಕ್ಷರ ನೋಡಿ ‘ಅಣ್ಣಾ ಮಣಿ’ ಎಂದು ಬರೆದುಬಿಟ್ಟರೆ ಕನ್ನಡದ ಮಕ್ಕಳ ಕಣ್ಣಿಗೆ ಅವರು ಗಂಡಸು. ಹೆಂಗಸರಿಗೆ ಪ್ರಯೋಗಾಲಯದ ಬಾಗಿಲು ದಾಟುವುದೇ ಕಷ್ಟವಾಗಿದ್ದ ಕಾಲದಲ್ಲಿ ದುಡಿದವರಿಗೆ ಇದು ಅನ್ಯಾಯ. ನ, ಣ ಎರಡೂ ಇರುವ ಲಿಪಿ ನಮ್ಮದು. ಶಾಲೆಯ ಪಾಠಗಳಲ್ಲಾದರೂ ಅವರ ಹೆಸರನ್ನು ನಕಾರದಲ್ಲೇ ಬರೆಯಿರಿ.