ಪಿತ್ತದ ತಲೆನೋವು ಮಿದುಳಿಗೆ ತಲುಪಿದ ದಾರಿ

ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಮೈಯಲ್ಲಿ ಕಸುವೇ ಇರುವುದಿಲ್ಲ. ಈ ಮೂರೂ ಕೂಡಿ ಬಂದರೆ ನಮ್ಮ ಮನೆಗಳಲ್ಲಿ ಪಿತ್ತ ಕೆರಳಿದೆ ಎನ್ನುತ್ತಾರೆ. ವಾಂತಿಯಾದ ಮೇಲೆ ನೋವು ಇಳಿದದ್ದನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ಮರಳಿ ಮರಳಿ ಬರುವ ಇಂಥ ನೋವಿಗೆ ಬಹುಪಾಲು ಕಾರಣ ಮೈಗ್ರೇನ್. ಅದರ ಬೇರು ಇರುವುದು ಮಿದುಳಿನಲ್ಲಿ.

ಆಯುರ್ವೇದ ಇದನ್ನು ಅರ್ಧಾವಭೇದಕ, ಅಂದರೆ ಅರೆತಲೆಯ ನೋವು, ಎಂದು ಗುರುತಿಸಿತ್ತು. 1873ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಲಿವಿಂಗ್ ಇದನ್ನು ನರಗಳ ಬಿರುಗಾಳಿ ಎಂದ. ಒಳ್ಳೆಯ ಊಹೆ, ಆದರೆ ಮುಂದೆ ಮೂಲೆಗುಂಪಾಯಿತು. 1938ರಲ್ಲಿ ಸಂಶೋಧಕರಾದ ಗ್ರಹಾಂ ಮತ್ತು ವೋಲ್ಫ್, ಎರ್ಗೊಟಮೈನ್ ಎಂಬ ಔಷಧಿ ಕೊಟ್ಟಾಗ ಕಣತಲೆಯ ರಕ್ತನಾಳದ ಮಿಡಿತದ ಜತೆಗೆ ನೋವೂ ತಗ್ಗುವುದನ್ನು ತೋರಿಸಿದರು. ರಕ್ತನಾಳ ಹಿಗ್ಗುವುದೇ ರೋಗ ಎಂಬ ವಾದ ದಶಕಗಳ ಕಾಲ ಆಳಿತು. ವಾಕರಿಕೆ ಏಕೆ, ಸುಸ್ತು ಏಕೆ ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ.

1988ರಲ್ಲಿ ಡೆನ್ಮಾರ್ಕಿನ ಯೆಸ್ ಓಲೆಸನ್ ನೇತೃತ್ವದಲ್ಲಿ ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣ ಬಂದಾಗ ವಾಕರಿಕೆಗೆ ಮೈಗ್ರೇನ್ ಗುರುತಿಸುವ ಮಾನದಂಡಗಳ ನಡುವೆ ಅಧಿಕೃತ ಸ್ಥಾನ ಸಿಕ್ಕಿತು. ಎರಡೇ ವರ್ಷದಲ್ಲಿ ಸಂಶೋಧಕರಾದ ಗೋಡ್ಸ್‌ಬಿ ಮತ್ತು ಎಡ್ವಿನ್ಸನ್, ನೋವಿನ ಹೊತ್ತಿನಲ್ಲಿ ಕತ್ತಿನ ರಕ್ತನಾಳದಲ್ಲಿ ಸಿಜಿಆರ್‌ಪಿ ಎಂಬ ನರರಾಸಾಯನಿಕ ಏರುವುದನ್ನು ಕಂಡರು. ಅದನ್ನು ತಡೆಯುವ ಚುಚ್ಚುಮದ್ದು 2018ರಲ್ಲಿ ಬಂತು.

ಸುಸ್ತಿನ ಗುಟ್ಟಿನ ಸುಳಿವು ಸಿಕ್ಕಿದ್ದೂ ತಡವಾಗಿಯೇ. ಜರ್ಮನಿಯ ಹ್ಯಾಂಬರ್ಗ್‌ನ ಸಂಶೋಧಕರು ಒಬ್ಬ ರೋಗಿಯ ಮಿದುಳನ್ನು 30 ದಿನ ಪ್ರತಿದಿನ ಸ್ಕ್ಯಾನ್ ಮಾಡಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವಿಗೆ ಒಂದು ದಿನ ಮೊದಲೇ ಹೈಪೊಥಲಾಮಸ್‌ನ ಚಟುವಟಿಕೆ ಬದಲಾಗಿತ್ತು. ನಿದ್ದೆ, ಹಸಿವುಗಳನ್ನು ನಿಯಂತ್ರಿಸುವ ಭಾಗವದು. ನೋವಿಗೆ ಮುಂಚೆಯೇ ಬರುವ ಆಕಳಿಕೆ, ಜಡತೆಗಳಿಗೆ ಅಲ್ಲಿ ಒಂದು ನೆಲೆ ಕಂಡಿತು. ನೋವು ತಾಳಿ ತಾಳಿ ಸುಸ್ತಾಯಿತು ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಸುಸ್ತೇ ಮೊದಲು ಬಂದಿರುತ್ತದೆ. ಹಾಗೆಂದು ಹೊಟ್ಟೆಯ ಪಾತ್ರ ಸುಳ್ಳೇನಲ್ಲ: ಮೈಗ್ರೇನ್ ಹೊತ್ತಿನಲ್ಲಿ ಹೊಟ್ಟೆಯ ಕೆಲಸ ಮಂದವಾಗಿ ಆಸ್ಪಿರಿನ್ ನಿಧಾನವಾಗಿ ರಕ್ತ ಸೇರುತ್ತದೆಂದು 1970ರ ದಶಕದಲ್ಲೇ ಕಂಡುಬಂದಿತ್ತು. ವಾಂತಿ ತಡೆಯುವ ಮಾತ್ರೆಯನ್ನೂ ವೈದ್ಯರು ಜತೆಗೆ ಕೊಡುವುದು ಇದೇ ಕಾರಣಕ್ಕೆ.

ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು ಸೇರಿ ನಡೆಸಿದ ಮನೆಮನೆ ಸಮೀಕ್ಷೆಯಲ್ಲಿ, ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಅನುಭವಿಸಿದವರು ನಾಲ್ವರಲ್ಲೊಬ್ಬರು. ಮುಂಬಯಿಯ ತಜ್ಞ ಕೆ. ರವಿಶಂಕರ್ ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯೊಂದನ್ನು ವೈದ್ಯಸಾಹಿತ್ಯಕ್ಕೆ ತಂದರು: ತಲೆಗೆ ಸ್ನಾನ ಮಾಡಿದ ದಿನ ಬರುವ ನೋವು.

ಎಲ್ಲವೂ ಮೈಗ್ರೇನ್ ಅಲ್ಲ. ರಕ್ತಹೀನತೆ, ನೀರು ಸಾಲದಿರುವುದು, ಡೆಂಗಿ, ಗ್ಲಾಕೋಮಾ, ಗರ್ಭಿಣಿಯರ ರಕ್ತದೊತ್ತಡ ಇವೂ ಇದೇ ವೇಷದಲ್ಲಿ ಬರುತ್ತವೆ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿದಾಗ ತುಂಬುವ ಕಾರ್ಬನ್ ಮಾನಾಕ್ಸೈಡ್‌ನ ಮೊದಲ ಲಕ್ಷಣಗಳೂ ತಲೆನೋವು, ವಾಕರಿಕೆ, ನಿತ್ರಾಣವೇ. ಹಾಗಾದರೆ ಕೂಡಲೇ ಹೊರಗೆ ಬರಬೇಕು. ಔಷಧಿ ಅಂಗಡಿಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ಸಲ, ಮೂರು ತಿಂಗಳು ಮೀರಿ ನುಂಗುತ್ತ ಬಂದರೆ ಆ ಮಾತ್ರೆಯೇ ತಲೆನೋವು ತರಬಲ್ಲದು.

ಸಿಡಿಲಿನಂತೆ ಒಮ್ಮೆಲೇ ಎರಗಿದ ನೋವು, ಜ್ವರದ ಜತೆ ಕತ್ತು ಬಿಗಿತ, ಮಾತು ತೊದಲುವುದು, ಕೈಕಾಲು ಸೋಲುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು ಇವುಗಳಲ್ಲಿ ಯಾವುದೇ ಇದ್ದರೂ ದಯವಿಟ್ಟು ಪಿತ್ತದ ಕಷಾಯ ಕಾಯಿಸುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.