ನಾಮಫಲಕ ಉದ್ಯಮದಲ್ಲಿ ವಿನ್ಯಾಸ ತಂತ್ರಾಂಶಗಳ ಹೊಂದಾಣಿಕೆ

ಅಂಗಡಿಯ ಬೋರ್ಡು, ಫ್ಲೆಕ್ಸ್, ವಾಹನದ ಸ್ಟಿಕರ್, ಅಕ್ರಿಲಿಕ್ ಅಕ್ಷರ ಮುಂತಾದವನ್ನು ಮಾಡಿಕೊಡುವ ಉದ್ಯಮದಲ್ಲಿ ಒಂದು ವಿನ್ಯಾಸವು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ, ಅಲ್ಲಿಂದ ಯಂತ್ರಕ್ಕೆ ದಾಟುವಾಗ ಅದರ ಅಕ್ಷರ, ಅಳತೆ, ಬಣ್ಣ ಕೆಡದೆ ಉಳಿಯುವುದನ್ನು ತಂತ್ರಾಂಶಗಳ ಹೊಂದಾಣಿಕೆ ಎನ್ನಲಾಗುತ್ತದೆ. ಸಾಮಾನ್ಯವಾಗಿ ಒಂದು ಕೆಲಸ ಮೂರು ಕೈ ದಾಟುತ್ತದೆ: ಗಿರಾಕಿ ತರುವ ಫೈಲು, ಅಂಗಡಿಯವರು ಅದನ್ನು ತಿದ್ದುವ ತಂತ್ರಾಂಶ, ಮುದ್ರಿಸುವ ಅಥವಾ ಕತ್ತರಿಸುವ ಯಂತ್ರದ ತಂತ್ರಾಂಶ. ದೊಡ್ಡ ಮುದ್ರಣ ಯಂತ್ರಕ್ಕೆ ಬಂಡವಾಳವಿಲ್ಲದ ಹೊಸ ಉದ್ಯಮಿ ವಿನ್ಯಾಸವನ್ನಷ್ಟೇ ಮಾಡಿ ಫ್ಲೆಕ್ಸನ್ನು ಹೊರಗಿನ ಘಟಕದಲ್ಲಿ ಮುದ್ರಿಸಿಕೊಳ್ಳುವುದೂ ಉಂಟು. ಆದ್ದರಿಂದ ತಂತ್ರಾಂಶದ ಆಯ್ಕೆಯನ್ನು ಅವನ ಇಷ್ಟಕ್ಕಿಂತ ಹೆಚ್ಚಾಗಿ ಆ ಘಟಕ ಮತ್ತು ಯಂತ್ರಗಳೇ ನಿರ್ಧರಿಸುತ್ತವೆ.

ಹಿನ್ನೆಲೆ

ಕುಂಚದಿಂದ ಫಲಕ ಬರೆಯುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1980ರ ದಶಕದಲ್ಲಿ ಅಮೆರಿಕದ ಗರ್ಬರ್ ಸಂಸ್ಥೆಯ ಯಂತ್ರಗಳು ಕಂಪ್ಯೂಟರ್ ನೆರವಿನಿಂದ ವಿನೈಲ್ ಹಾಳೆಯಲ್ಲಿ ಅಕ್ಷರ ಕತ್ತರಿಸತೊಡಗಿದವು. 1987ರಲ್ಲಿ ಅಡೋಬಿ ಇಲಸ್ಟ್ರೇಟರ್, 1989ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನೆಲೆಯಿದ್ದ ಕೋರಲ್ ಸಂಸ್ಥೆಯ ಕೋರಲ್ ಡ್ರಾ ಬಂದವು. ಮೊದಲನೆಯದು ಮ್ಯಾಕಿಂಟಾಷ್‌ನಲ್ಲಿ, ಎರಡನೆಯದು ವಿಂಡೋಸ್‌ನಲ್ಲಿ ಹುಟ್ಟಿತು. ಕರ್ನಾಟಕದ ಡಿಟಿಪಿ ಕೇಂದ್ರ, ರೇಡಿಯಂ ಸ್ಟಿಕರ್ ಅಂಗಡಿ, ಫ್ಲೆಕ್ಸ್ ಘಟಕಗಳಲ್ಲಿ ಕೋರಲ್ ಡ್ರಾ ವ್ಯಾಪಕವಾಗಿ ಬಳಕೆಯಲ್ಲಿದೆ.

ಕಡತಗಳ ಬಗೆ

ಚಿತ್ರಗಳಲ್ಲಿ ಮೂಲತಃ ಎರಡು ಜಾತಿ. ಬಿಂದುಗಳನ್ನು ಜೋಡಿಸಿದ ಬಿಟ್‌ಮ್ಯಾಪ್ ಚಿತ್ರ (ಜೆಪೆಗ್, ಪಿಎನ್‌ಜಿ, ಟಿಫ್) ಹಿಗ್ಗಿಸಿದಂತೆ ಮಸುಕಾಗುತ್ತದೆ. ರೇಖೆಗಳ ಗಣಿತವನ್ನೇ ಹಿಡಿದಿಡುವ ವೆಕ್ಟರ್ ಚಿತ್ರ ಎಷ್ಟು ಹಿಗ್ಗಿಸಿದರೂ ಅಂಚು ಕೆಡದು. ಕತ್ತರಿಸುವ ಯಂತ್ರದ ಚೂರಿ ಚಲಿಸಲು ರೇಖೆ ಬೇಕು, ಬಿಂದುಗಳಿಂದ ಅದಕ್ಕೆ ಉಪಯೋಗವಿಲ್ಲ. ಗಿರಾಕಿ ಮೊಬೈಲ್‌ನಲ್ಲಿ ಕಳಿಸಿದ ಲೋಗೋವನ್ನು ಅಂಗಡಿಯಲ್ಲಿ ಮತ್ತೆ ಗೆರೆ ಎಳೆದು ಬಿಡಿಸಬೇಕಾಗುವುದು ಇದರಿಂದಲೇ.

ವೆಕ್ಟರ್ ಕಡತಗಳಲ್ಲಿ ಕೋರಲ್‌ನ ಸಿಡಿಆರ್ ಮತ್ತು ಇಲಸ್ಟ್ರೇಟರ್‌ನ ಎಐ ಆಯಾ ಸಂಸ್ಥೆಯ ಸ್ವಂತ ಮಾದರಿಗಳು. ಪಿಡಿಎಫ್ 1993ರಲ್ಲಿ ಅಡೋಬಿಯಿಂದ ಬಂದು 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಎಸ್‌ವಿಜಿ 2001ರಲ್ಲಿ ವೆಬ್ ಮಾನಕವಾಗಿ ಅಂಗೀಕಾರ ಪಡೆಯಿತು. ಹಳೆಯ ಇಪಿಎಸ್ ಇನ್ನೂ ಚಾಲ್ತಿಯಲ್ಲಿದ್ದರೂ ಪಾರದರ್ಶಕತೆಯನ್ನು ಹಾಗೆಯೇ ಹಿಡಿದಿಡಲಾರದು. ನೆರಳು, ಮಬ್ಬು ಮುಂತಾದ ಪರಿಣಾಮಗಳು ಅದರಲ್ಲಿ ಚೂರುಚೂರಾಗುತ್ತವೆ. ಲೇಸರ್ ಮತ್ತು ಸಿಎನ್‌ಸಿ ಯಂತ್ರಗಳಿಗೆ ಆಟೋಡೆಸ್ಕ್‌ನ ಡಿಎಕ್ಸ್‌ಎಫ್ ಪರಿಚಿತ ಮಾದರಿ. ವಿನೈಲ್ ಕತ್ತರಿಸುವ ಪ್ಲಾಟರ್‌ಗಳಲ್ಲಿ ಬಹುಪಾಲು ಹ್ಯೂಲೆಟ್ ಪ್ಯಾಕರ್ಡ್ ರೂಪಿಸಿದ ಎಚ್‌ಪಿಜಿಎಲ್ ಆದೇಶಗಳನ್ನೋ ಅದರ ಹತ್ತಿರದ ರೂಪವನ್ನೋ ಅರ್ಥಮಾಡಿಕೊಳ್ಳುತ್ತವೆ. ಎಚ್‌ಪಿಜಿಎಲ್‌ನಲ್ಲಿ ಒಂದು ಏಕಮಾನವೆಂದರೆ 0.025 ಮಿ.ಮೀ.

ಆವೃತ್ತಿಗಳ ತೊಡಕು

ಕೋರಲ್ ಡ್ರಾದ ಹೊಸ ಆವೃತ್ತಿ ಹಳೆಯ ಕಡತವನ್ನು ತೆರೆಯುತ್ತದೆ, ಹಳೆಯದು ಹೊಸದನ್ನು ತೆರೆಯುವುದಿಲ್ಲ. ಉಳಿಸುವಾಗ ಕೆಳಗಿನ ಆವೃತ್ತಿಯನ್ನು ಆರಿಸಿಕೊಳ್ಳಲು ಅವಕಾಶವಿದೆ. ಆದರೆ ಮಾರಾಟದ ಹೆಸರು ಬೇರೆ, ಒಳಗಿನ ಸಂಖ್ಯೆ ಬೇರೆ. ಎಕ್ಸ್4 ಎಂದರೆ 14, ಎಕ್ಸ್7 ಎಂದರೆ 17, 2018 ಎಂಬ ಹೆಸರಿನದು 20. ಮುದ್ರಣ ಘಟಕದಲ್ಲಿರುವ ಆವೃತ್ತಿಯನ್ನು ಕೇಳಿಕೊಳ್ಳದೆ ಪೆನ್‌ಡ್ರೈವ್ ಒಯ್ದವರು ಬರಿಗೈಲಿ ಮರಳಬೇಕಾಗುತ್ತದೆ. ಕೆಳಗಿನ ಆವೃತ್ತಿಗೆ ಇಳಿಸಿದಾಗ ಹೊಸ ಸೌಲಭ್ಯಗಳಿಂದ ಮಾಡಿದ ಭಾಗಗಳು ಬದಲಾಗಬಹುದಾದ್ದರಿಂದ ಉಳಿಸಿದ ಪ್ರತಿಯನ್ನು ಮತ್ತೆ ತೆರೆದು ನೋಡುವುದು ವಾಡಿಕೆ.

ಉಚಿತ ತಂತ್ರಾಂಶವಾದ ಇಂಕ್‌ಸ್ಕೇಪ್ ಸಿಡಿಆರ್ ಕಡತಗಳನ್ನು ಓದಬಲ್ಲದು, ಆ ಮಾದರಿಯಲ್ಲಿ ಬರೆಯಲಾರದು. ಸ್ವಂತ ಪ್ಲಾಟರ್ ಇಟ್ಟುಕೊಂಡು ಸ್ಟಿಕರ್ ಕತ್ತರಿಸುವವರಿಗೆ ಅದು ಸಾಕಾಗಬಹುದು. ಘಟಕದವರು ಸಿಡಿಆರ್ ಕಡತವನ್ನೇ ಕೇಳಿದರೆ ಸಾಲದು.

ಕನ್ನಡ ಅಕ್ಷರಗಳು

ಕನ್ನಡ ಫಲಕಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಅಕ್ಷರಗಳೇ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ ಇವುಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ಒಂದರಲ್ಲಿ ಬರೆದ ಪಠ್ಯಕ್ಕೆ ಇನ್ನೊಂದರ ಫಾಂಟ್ ಹಾಕಿದರೆ ಹೆಸರು ಅರ್ಥವಿಲ್ಲದ ಅಕ್ಷರಗಳ ಸಾಲಾಗುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ.

ಯೂನಿಕೋಡ್ ಪ್ರತಿ ಅಕ್ಷರಕ್ಕೂ ಸ್ವಂತ ಸಂಕೇತ ಕೊಟ್ಟು ಈ ಗೊಂದಲವನ್ನು ಬಗೆಹರಿಸಿತು. ಅದರಲ್ಲಿ 'ಕನ್ನಡ' ಎಂಬ ಪದ ಐದು ಸಂಕೇತಗಳ ಸಾಲು: ಕ, ನ, ವಿರಾಮ, ನ, ಡ. ಎರಡನೆಯ ನ-ಕಾರವನ್ನು ಒತ್ತಕ್ಷರವಾಗಿಸಿ ಕೆಳಗೆ ಕೂರಿಸುವ ಹೊಣೆ ತಂತ್ರಾಂಶದ್ದು. ಭಾರತೀಯ ಲಿಪಿಗಳ ಜೋಡಣೆ ಅರಿಯದ ಹಳೆಯ ಆವೃತ್ತಿಗಳಲ್ಲಿ ಒತ್ತು ಪಕ್ಕಕ್ಕೆ ಸರಿಯುತ್ತದೆ, ಕಾಗುಣಿತ ಬಿಡಿಬಿಡಿಯಾಗುತ್ತದೆ. ಕೋರಲ್ ಡ್ರಾದಲ್ಲಿ 2012ರ ಎಕ್ಸ್6 ಆವೃತ್ತಿಯಿಂದ ಇಂಥ ಲಿಪಿಗಳಿಗೆ ಬೆಂಬಲವಿದೆ. ಇಲಸ್ಟ್ರೇಟರ್‌ನ ಇತ್ತೀಚಿನ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಸಿದ್ಧತೆಯ ಪಟ್ಟಿಯಲ್ಲಿ ಚಾಲೂ ಮಾಡಿಕೊಳ್ಳಬೇಕು. 'ಹಾರ್ಡ್‌ವೇರ್' ಎಂಬ ಪದದಲ್ಲಿ ಡ್ ಮತ್ತು ವೇ ಕೂಡಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ತಡೆಸಂಕೇತವೊಂದು ಇರಬೇಕು; ನಕಲು ಮಾಡಿ ಅಂಟಿಸುವಾಗ ಅದು ಕಳಚಿಹೋದರೆ ಫಲಕದ ಮೇಲೆ 'ಹಾರ್ಡ್ವೇರ್' ಮೂಡುತ್ತದೆ.

ಇವೆಲ್ಲಕ್ಕೂ ರೂಢಿಯ ಪರಿಹಾರ, ಪಠ್ಯವನ್ನು ರೇಖೆಗಳಾಗಿ ಮಾರ್ಪಡಿಸಿ ಕಳಿಸುವುದು. ವೃತ್ತಿಯ ಮಾತಿನಲ್ಲಿ ಇದು 'ಕರ್ವ್ ಮಾಡುವುದು'. ಕರ್ವ್ ಆದ ಪಠ್ಯಕ್ಕೆ ಫಾಂಟ್ ಬೇಕಿಲ್ಲ, ಆದರೆ ಕಾಗುಣಿತದ ತಪ್ಪನ್ನು ತಿದ್ದಲೂ ಬರುವುದಿಲ್ಲ. ಕತ್ತರಿಸುವ ಕೆಲಸಕ್ಕೆ ಇಷ್ಟೂ ಸಾಲದು. ಅನೇಕ ಕನ್ನಡ ಫಾಂಟ್‌ಗಳಲ್ಲಿ ತಲೆಕಟ್ಟು, ಕೊಂಬು, ಒತ್ತುಗಳು ಬೇರೆ ಬೇರೆ ತುಣುಕುಗಳಾಗಿ ಒಂದರ ಮೇಲೊಂದು ಏರಿರುತ್ತವೆ. ಪರದೆಯಲ್ಲಿ ಅಕ್ಷರ ಒಂದೇ ಆಗಿ ಕಂಡರೂ ಪ್ಲಾಟರ್ ಪ್ರತಿ ತುಣುಕಿನ ಅಂಚನ್ನೂ ಕತ್ತರಿಸಿ ಅಕ್ಷರವನ್ನು ಸೀಳಿಬಿಡುತ್ತದೆ. ಹಾಗಾಗದಂತೆ ತುಣುಕುಗಳನ್ನು ಬೆಸೆದು ಒಂದೇ ಹೊರರೇಖೆ ಮಾಡಬೇಕು. ಇದನ್ನು ವೆಲ್ಡ್ ಎನ್ನುತ್ತಾರೆ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿ ಕರ್ನಾಟಕದ ವಾಣಿಜ್ಯ ಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ವಿಧಿಸಿದೆ. ಹೀಗಾಗಿ ರಾಜ್ಯದಲ್ಲಿ ಈ ಉದ್ಯಮ ಆರಂಭಿಸುವವರಿಗೆ ಕನ್ನಡವನ್ನು ಸರಿಯಾಗಿ ಮೂಡಿಸದ ತಂತ್ರಾಂಶ ಎಷ್ಟೇ ಅಗ್ಗವಾದರೂ ಪ್ರಯೋಜನಕ್ಕೆ ಬಾರದು.

ಅಳತೆ

ಒಂದೇ ಆಕೃತಿ ಬೇರೆ ತಂತ್ರಾಂಶದಲ್ಲಿ ಬೇರೆ ಗಾತ್ರದಲ್ಲಿ ತೆರೆದುಕೊಳ್ಳುವುದುಂಟು. ಡಿಎಕ್ಸ್‌ಎಫ್ ಕಡತದ ಸಂಖ್ಯೆಗಳನ್ನು ಒಂದು ತಂತ್ರಾಂಶ ಮಿಲಿಮೀಟರ್ ಎಂದೂ ಇನ್ನೊಂದು ಇಂಚು ಎಂದೂ ಓದಿದರೆ ಆಕೃತಿ 25.4 ಪಟ್ಟು ಬದಲಾಗುತ್ತದೆ. ಇದು ಕೂಡಲೇ ಕಣ್ಣಿಗೆ ಬೀಳುತ್ತದೆ. ಸಣ್ಣ ವ್ಯತ್ಯಾಸವೇ ಮೋಸಗೊಳಿಸುವುದು. ಇಂಕ್‌ಸ್ಕೇಪ್ ಒಂದು ಇಂಚಿಗೆ 90 ಬಿಂದು ಎಂಬ ಲೆಕ್ಕವನ್ನು 2017ರ 0.92 ಆವೃತ್ತಿಯಲ್ಲಿ 96ಕ್ಕೆ ಬದಲಿಸಿತು, ಇಲಸ್ಟ್ರೇಟರ್‌ನದು 72. ಹಳೆಯ ಎಸ್‌ವಿಜಿ ಕಡತವೊಂದು ಹೊಸದರಲ್ಲಿ ಶೇ 6ರಷ್ಟು ಕುಗ್ಗಿದರೆ ಪರದೆ ನೋಡಿದವರಿಗೆ ಗೊತ್ತಾಗುವುದಿಲ್ಲ, ಅಕ್ರಿಲಿಕ್ ಅಕ್ಷರ ಚೌಕಟ್ಟಿಗೆ ಕೂರದಿದ್ದಾಗ ಗೊತ್ತಾಗುತ್ತದೆ.

ಗಾತ್ರಕ್ಕೆ ಮೇಲ್ಮಿತಿಯೂ ಇದೆ. ಪಿಡಿಎಫ್ ಪುಟದ ಸಾಮಾನ್ಯ ಮಿತಿ 200 ಇಂಚು, ಇಲಸ್ಟ್ರೇಟರ್‌ನ ಸಾಮಾನ್ಯ ಹಾಸು ಸುಮಾರು 227 ಇಂಚು. 20 ಅಡಿ ಬ್ಯಾನರ್ ಎಂದರೆ 240 ಇಂಚು, ಎರಡಕ್ಕೂ ಹೊರಗೆ. ಫೋಟೊಶಾಪ್‌ನ ಪಿಎಸ್‌ಡಿ ಕಡತ ಒಂದು ಬದಿಗೆ 30,000 ಬಿಂದುಗಳಿಗೆ ನಿಲ್ಲುತ್ತದೆ. ಅದೇ ಬ್ಯಾನರ್ ಇಂಚಿಗೆ 150 ಬಿಂದುವಿನಲ್ಲಿ 36,000 ಕೇಳುತ್ತದೆ, 72ರಲ್ಲಿ 17,280 ಸಾಕು. ದೂರದಿಂದ ನೋಡುವ ಫ್ಲೆಕ್ಸಿಗೆ ಕಡಿಮೆ ಸಾಂದ್ರತೆ ನಡೆಯುತ್ತದೆ. ದೊಡ್ಡ ಕೆಲಸಗಳನ್ನು ಹತ್ತನೇ ಒಂದು ಅಳತೆಯಲ್ಲಿ ಮಾಡಿ, ಮುದ್ರಿಸುವಾಗ ಹಿಗ್ಗಿಸುವ ರೂಢಿಯೂ ಇದೆ.

ಬಣ್ಣ

ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳಿಂದ ಬಣ್ಣ ಕಟ್ಟುತ್ತದೆ, ಮುದ್ರಣ ಯಂತ್ರ ನೀಲಿ-ಹಸಿರು, ಕಡುಗುಲಾಬಿ, ಹಳದಿ, ಕಪ್ಪು ಶಾಯಿಗಳಿಂದ. ಪರದೆಯ ಹೊಳೆಯುವ ಹಸಿರು, ಕಡುನೀಲಿಗಳು ಶಾಯಿಯಲ್ಲಿ ಮಂಕಾಗುತ್ತವೆ. ಈ ಅನುವಾದವನ್ನು ಕೊನೆಗೆ ಮಾಡುವುದು ಮುದ್ರಣ ಯಂತ್ರದ ರಿಪ್ ತಂತ್ರಾಂಶ. ಮುದ್ರಿಸಿ ಅಂಚು ಕತ್ತರಿಸುವ ಯಂತ್ರಗಳಲ್ಲಿ ಕತ್ತರಿಸುವ ರೇಖೆಯನ್ನು ನಿಗದಿತ ಹೆಸರಿನ ವಿಶೇಷ ಬಣ್ಣದಿಂದ ಗುರುತಿಸಬೇಕು. ರೋಲ್ಯಾಂಡ್ ಯಂತ್ರಗಳಲ್ಲಿ ಆ ಹೆಸರು 'ಕಟ್‌ಕಂಟೂರ್'. ಹೆಸರು ತಪ್ಪಿದರೆ ರೇಖೆ ಕತ್ತರಿಸುವ ಬದಲು ಬಣ್ಣದ ಗೆರೆಯಾಗಿ ಅಚ್ಚಾಗುತ್ತದೆ.

ಯಂತ್ರ, ಚಾಲಕ, ಪರವಾನಗಿ

ಹಳೆಯ ಪ್ಲಾಟರ್ ಅಗ್ಗಕ್ಕೆ ಸಿಕ್ಕಾಗ ಅದರ ಚಾಲಕ ತಂತ್ರಾಂಶ 64 ಬಿಟ್ ವಿಂಡೋಸ್‌ನಲ್ಲಿ ನಡೆಯುತ್ತದೆಯೇ, ಅದಕ್ಕೆ ಬೇಕಾದ ಸೀರಿಯಲ್ ಪೋರ್ಟ್ ಕಂಪ್ಯೂಟರಿನಲ್ಲಿದೆಯೇ ಎಂದು ಮೊದಲು ನೋಡಬೇಕು. ಕೆಲವು ರಿಪ್ ತಂತ್ರಾಂಶಗಳು ಯುಎಸ್‌ಬಿ ಬೀಗದ ಜೊತೆ ಬರುತ್ತವೆ, ಬೀಗವಿಲ್ಲದೆ ಮುದ್ರಣವಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಯಂತ್ರವನ್ನು ನಂಬಿದವರಿಗೆ ಈ ಲೆಕ್ಕ ಇನ್ನಷ್ಟು ಮುಖ್ಯ.

ತಂತ್ರಾಂಶದ ಕಳ್ಳಪ್ರತಿಯನ್ನು ತಿಳಿದೂ ಬಳಸುವುದು 1957ರ ಹಕ್ಕುಸ್ವಾಮ್ಯ ಕಾಯಿದೆಯ 63ಬಿ ಪ್ರಕರಣದಂತೆ ಅಪರಾಧ. ಇದಕ್ಕೆ ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಇದೆ.

ಆಯ್ಕೆ ಮತ್ತು ಪರೀಕ್ಷೆ

ಆಯ್ಕೆ ಹಿಂದಿನಿಂದ ಮುಂದಕ್ಕೆ ಸಾಗುವುದು ಕ್ಷೇಮ: ಮೊದಲು ಯಂತ್ರ ಅಥವಾ ಮುದ್ರಣ ಘಟಕ ಒಪ್ಪುವ ಮಾದರಿ ಮತ್ತು ಆವೃತ್ತಿ, ನಂತರ ಅದನ್ನು ಕೊಡಬಲ್ಲ ತಂತ್ರಾಂಶ, ಕೊನೆಗೆ ಕಂಪ್ಯೂಟರ್. ಹಣ ಕೊಡುವ ಮೊದಲು ಒಂದು ಪರೀಕ್ಷಾ ಹಾಳೆ ಸಾಕು. ಅದರಲ್ಲಿ 10 ಸೆಂ.ಮೀ. ಬದಿಯ ಚೌಕ, 'ಹಾರ್ಡ್‌ವೇರ್' ಎಂಬ ಪದ, ನೆರಳು ಹಾಕಿದ ಒಂದು ಲೋಗೋ, ನಾಲ್ಕು ಗಾಢ ಬಣ್ಣದ ಪಟ್ಟಿಗಳಿರಲಿ. ಅದನ್ನು ನಿಜವಾದ ಯಂತ್ರದಲ್ಲಿ ತೆಗೆಸಿ, ಚೌಕವನ್ನು ಸ್ಕೇಲಿನಿಂದ ಅಳೆದರೆ ಅಳತೆ, ಅಕ್ಷರ, ಪರಿಣಾಮ, ಬಣ್ಣ ನಾಲ್ಕೂ ಒಟ್ಟಿಗೆ ತಿಳಿಯುತ್ತವೆ.

ಮುಗಿದ ಪ್ರತಿ ಕೆಲಸದ ಎರಡು ಪ್ರತಿಗಳನ್ನು ಇಡುವುದು ಪದ್ಧತಿ: ಘಟಕಕ್ಕೆ ಕಳಿಸಿದ ಕರ್ವ್ ಪ್ರತಿ ಮತ್ತು ಫಾಂಟ್ ಸಹಿತವಾದ ಪಠ್ಯಪ್ರತಿ. ವರ್ಷಗಳ ನಂತರ ಅದೇ ಗಿರಾಕಿ ಫೋನ್ ನಂಬರ್ ಬದಲಿಸಿಕೊಡಿ ಎಂದು ಬಂದಾಗ ಕೆಲಸಕ್ಕೆ ಬರುವುದು ಎರಡನೆಯದು.