ರಾಂಡೆವೂ ಎಂಬ ಹುಕುಂ

ರಾಂಡೆವೂ ಅಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ನೆನಪಾಗುವುದು ಬಿಳಿ ಬಟ್ಟೆಯ ಸಿಮಿ ಗರೇವಾಲ್. ದೊಡ್ಡ ದೊಡ್ಡವರನ್ನು ಎದುರಿಗೆ ಕೂರಿಸಿಕೊಂಡು ಮೆಲುದನಿಯಲ್ಲಿ ಮಾತಾಡಿಸುತ್ತಿದ್ದ ಆಕೆಯ ಟೀವಿ ಕಾರ್ಯಕ್ರಮಕ್ಕೆ ಅದೇ ಹೆಸರಿತ್ತು. ಉಳಿದವರಿಗೆ ಪ್ರೇಮಿಗಳು ಗುಟ್ಟಾಗಿ ಸೇರುವ ಜಾಗ ನೆನಪಾದೀತು. ಎರಡರಲ್ಲೂ ಒಂಚೂರು ಅತ್ತರಿನ ವಾಸನೆ ಇದೆ. ಆದರೆ ಈ ಪದದ ಬೆನ್ನು ಹತ್ತಿ ಮುನ್ನೂರು ನಾನೂರು ವರ್ಷ ಹಿಂದಕ್ಕೆ ಹೋದರೆ ಮೂಗಿಗೆ ಬಡಿಯುವುದು ಕುದುರೆ ಬೆವರು ಮತ್ತು ಕೋವಿಮದ್ದು. ಸ್ಕಾಟ್ಲೆಂಡಿನಲ್ಲಂತೂ ಈ ಪದ ಒಂದು ಕಾಯ್ದೆಯೊಳಗೆ ಹೊಕ್ಕು ಕೂತಿತ್ತು. ಆ ಕಾಯ್ದೆಯ ಪ್ರಕಾರ ಬಯಲಲ್ಲಿ ನಿಂತು ಪ್ರಾರ್ಥನೆ ಹೇಳಿಕೊಟ್ಟವನಿಗೆ ಮರಣದಂಡನೆ.

ಮೊದಲು ಪದ ಬಿಡಿಸೋಣ. ಫ್ರೆಂಚಿನಲ್ಲಿ 'ರಾಂದೇ' ಅಂದರೆ ಒಪ್ಪಿಸಿ, 'ವೂ' ಅಂದರೆ ನಿಮ್ಮನ್ನು. 'ನಿಮ್ಮನ್ನು ನೀವು ಒಪ್ಪಿಸಿಕೊಳ್ಳಿ', ನಮ್ಮ ಮಾತಲ್ಲಿ ಹೇಳುವುದಾದರೆ 'ಹಾಜರಾಗಿ'. ಇದು ನಾಮಪದವೇ ಅಲ್ಲ, ಆಜ್ಞೆ. ದಂಡಿನಲ್ಲಿ ಕೂಗಿ ಕೂಗಿ ಹೇಳಿದ ಆಜ್ಞೆಯೇ ಕ್ರಮೇಣ ಸೇರುವ ಜಾಗಕ್ಕೂ ಸೇರಿದ ಗುಂಪಿಗೂ ಹೆಸರಾಯಿತು. 'ಬನ್ನಿ' ಅನ್ನುವ ಕೂಗನ್ನೇ ಜನ ಸೇರುವ ಮೈದಾನಕ್ಕೆ ಹೆಸರಿಟ್ಟ ಹಾಗೆ. 16ನೇ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲಿಷಿನವರೂ ಇದನ್ನು ಎತ್ತಿಕೊಂಡಿದ್ದರು, 17ನೇ ಶತಮಾನದ ಸ್ಕಾಟ್ಸ್ ಕಾಗದಪತ್ರಗಳಲ್ಲಿ ಇದು ಮನೆಮಾತು. ಬರೆಯುವ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದರು, ಹಾಗಾಗಿ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ.

ಸ್ಕಾಟ್ಸ್ ಅಂದರೆ ಇಂಗ್ಲಿಷಿನ ದಾಯಾದಿ ಭಾಷೆ, ಸ್ಕಾಟ್ಲೆಂಡಿನ ತಗ್ಗುನಾಡಿನವರ ಮಾತು. ಗುಡ್ಡಗಾಡಿನ ಗೇಲಿಕ್ ಬೇರೆ. ಫ್ರೆಂಚ್ ಪದಗಳನ್ನು ಕಡ ತರುವುದು ಸ್ಕಾಟ್ಸ್‌ಗೆ ಹಳೇ ಅಭ್ಯಾಸ. 1295ರಲ್ಲಿ ಇಂಗ್ಲೆಂಡಿನ ವಿರುದ್ಧ ಸ್ಕಾಟ್ಲೆಂಡ್ ಮತ್ತು ಫ್ರಾನ್ಸ್ ಒಪ್ಪಂದ ಮಾಡಿಕೊಂಡವು. ಆ ಗೆಳೆತನ 1560ರ ತನಕ ನಡೆಯಿತು. ಊಟದ ದೊಡ್ಡ ತಟ್ಟೆಗೆ 'ಆಶೆಟ್', ಕುರಿ ತೊಡೆಗೆ 'ಜಿಗಟ್', ತಲೆ ಕೆಡಿಸಿಕೊಳ್ಳುವುದಕ್ಕೆ 'ಫಾಶ್', ಇವೆಲ್ಲ ಫ್ರೆಂಚ್ ಮೂಲದವು. ರಾಂಡೆವೂ ಕೂಡ ಇದೇ ದಾರಿಯಲ್ಲಿ ಬಂದಿರಬೇಕು ಅನ್ನಿಸುವುದು ಸಹಜ. ಆದರೆ ಇದು ಬೆಳೆದದ್ದು ಆ ಗೆಳೆತನ ಮುಗಿದ ಮೇಲೆ, ಅಡುಗೆಮನೆಯಿಂದ ಬಲು ದೂರದಲ್ಲಿ.

ಅದಕ್ಕೂ ಮುಂಚೆ ಸ್ಕಾಟರು ಸೈನ್ಯ ಸೇರುವುದಕ್ಕೆ ಏನನ್ನುತ್ತಿದ್ದರು? ಅವರದೇ ಒಂದು ಪದವಿತ್ತು, 'ವಾಪಿನ್‌ಶಾ'. ಆಯುಧ ತೋರಿಸುವುದು ಅಂತ ಅರ್ಥ. ರಾಜನಿಗೆ ಸಂಬಳದ ಸೈನ್ಯ ಇರಲಿಲ್ಲ, ರೈತನೇ ಸೈನಿಕ. ಆದ್ದರಿಂದ ಆಗಾಗ ಎಲ್ಲರೂ ತಮ್ಮ ತಮ್ಮ ಆಯುಧ ತಂದು ಷರೀಫನ ಮುಂದೆ ತೋರಿಸಬೇಕಿತ್ತು. 1318ರಲ್ಲಿ ರಾಬರ್ಟ್ ಬ್ರೂಸ್ ಮಾಡಿದ ಕಾನೂನು ನನಗೆ ತುಂಬ ಇಷ್ಟ. ಒಂದು ಹಸುವಿನ ಬೆಲೆಯಷ್ಟು ಆಸ್ತಿ ಇರುವವನ ಹತ್ತಿರ ಒಂದು ಒಳ್ಳೆ ಈಟಿ ಇರಬೇಕು, ಇಲ್ಲವೇ ಒಂದು ಬಿಲ್ಲು ಮತ್ತು 24 ಬಾಣ. ಒಂದೇ ಒಂದು ಹಸು ಇದ್ದವನೂ ಲೆಕ್ಕದಿಂದ ತಪ್ಪಿಸಿಕೊಳ್ಳುವಂತಿಲ್ಲ! 1457ರ ಕಾನೂನು ವರ್ಷಕ್ಕೆ ನಾಲ್ಕು ಸಲ ವಾಪಿನ್‌ಶಾ ಆಗಬೇಕು ಅಂದಿತು. ಫುಟ್‌ಬಾಲ್ ಮತ್ತು ಗಾಲ್ಫ್ ಆಡಕೂಡದು ಅಂತ ಡಂಗುರ ಸಾರಿಸಿದ್ದೂ ಅದೇ ಕಾನೂನು. ಹುಡುಗರು ಚೆಂಡಾಡುತ್ತಾ ಬಿಲ್ಲುವಿದ್ಯೆ ಮರೆತಾರು ಅನ್ನುವ ಭಯ. ಗಾಲ್ಫ್ ಹೆಸರು ಚರಿತ್ರೆಯಲ್ಲಿ ಮೊದಲು ಸಿಗುವುದು ಹೀಗೆ, ಬೈಗುಳದ ರೂಪದಲ್ಲಿ.

ಇನ್ನೊಂದು ಪದ 'ಮಸ್ಟರ್'. ಇದೂ ಫ್ರೆಂಚಿನಿಂದ ಬಂದದ್ದು, ಮೂಲ ಲ್ಯಾಟಿನ್, ಅರ್ಥ ಮತ್ತದೇ 'ತೋರಿಸು'. ಇದು ನಮಗೂ ನೆಂಟ. ನರೇಗಾ ಕೂಲಿಯವರ ಹೆಸರು ಬರೆದುಕೊಳ್ಳುವ ಎನ್‌ಎಂಆರ್ ಹಾಳೆ ಇದೆಯಲ್ಲ, ಅದರ ಎಂ ಇದೇ ಮಸ್ಟರ್. ದಂಡಿನವರ ತಲೆ ಎಣಿಸಲು ಹುಟ್ಟಿದ ಪದ ಈಗ ಕೆರೆ ಹೂಳೆತ್ತುವವರ ತಲೆ ಎಣಿಸುತ್ತಿದೆ. ಹಾಳೆಯಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆ ಅಂತ ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ಈ ಎರಡೂ ಪದಗಳಲ್ಲಿ ಒಂದು ಸಾಮ್ಯ ಇದೆ. ಎರಡೂ ತೋರಿಸುವ ಪದಗಳು. ನಿನ್ನ ಈಟಿ ತೋರಿಸು, ಕುದುರೆ ತೋರಿಸು, ಸಂಜೆಗೆ ಮನೆಗೆ ಹೋಗು. ರಾಂಡೆವೂ ಹಾಗಲ್ಲ. ಇಂಥ ದಿನ ಇಂಥ ಜಾಗಕ್ಕೆ ಬಂದು ನಿನ್ನನ್ನೇ ಒಪ್ಪಿಸು, ಅಲ್ಲಿಂದ ಮುಂದೆ ಎಲ್ಲಿಗೆ ಅಂತ ಕೇಳಬೇಡ. ಇಂಥ ಪದ ಬೇಕಾಗುವುದು ಊರು ಬಿಟ್ಟು ದೂರ ಹೋಗಿ ಕಾದುವ ಸೈನ್ಯಕ್ಕೆ.

ಸ್ಕಾಟರು ಹಾಗೆ ದೂರ ಹೋಗಿದ್ದು ಜರ್ಮನಿಗೆ. 1618ರಿಂದ 1648ರ ತನಕ ಯೂರೋಪಿನ ನಡುವೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಸಾವಿರಾರು ಸ್ಕಾಟ್ ಹುಡುಗರು ಡೆನ್ಮಾರ್ಕ್, ಸ್ವೀಡನ್ ದೊರೆಗಳ ಕೈಕೆಳಗೆ ಸಂಬಳಕ್ಕೆ ದುಡಿದರು. ರಾಂಡೆವೂ ಆಗ ಎಲ್ಲ ಸೈನ್ಯಗಳ ಬಾಯಲ್ಲೂ ಇದ್ದ ಪದ. 1638ರಲ್ಲಿ ಸ್ಕಾಟ್ಲೆಂಡಿನಲ್ಲಿ ದೊಡ್ಡ ಗಲಾಟೆ ಎದ್ದಿತು. ಒಂದನೇ ಚಾರ್ಲ್ಸ್ ದೊರೆ ಇಂಗ್ಲೆಂಡಿನ ಮಾದರಿಯ ಪ್ರಾರ್ಥನಾ ಪುಸ್ತಕವನ್ನು ಅವರ ಮೇಲೆ ಹೇರಲು ಹೋದ. ಜನ ಎಡಿನ್‌ಬರೋದ ಗ್ರೇಫ್ರಯರ್ಸ್ ಚರ್ಚಿನಲ್ಲಿ ಒಡಂಬಡಿಕೆಗೆ ಸಹಿ ಹಾಕಿ ಎದುರು ನಿಂತರು. ಇವರೇ ಕವೆನೆಂಟರ್‌ಗಳು. ಇವರ ಸೈನ್ಯ ಕಟ್ಟಿದವನು ಅಲೆಕ್ಸಾಂಡರ್ ಲೆಸ್ಲಿ, ಸ್ವೀಡನ್ನಿನಲ್ಲಿ ಫೀಲ್ಡ್ ಮಾರ್ಷಲ್ ಆಗಿ ಊರಿಗೆ ಮರಳಿದ್ದ ಹಳೇ ಹುಲಿ. ಅವನ ಜತೆ ಜರ್ಮನಿಯ ಅನುಭವ ಇದ್ದ ಎಷ್ಟೋ ಅಧಿಕಾರಿಗಳು ಬಂದರು. ಅವರ ಕವಾಯತು ಬಂತು, ಅವರ ಪದಗಳೂ ಬಂದವು. ಜನರನ್ನು ದಂಡಿಗೆ ಕರೆಯುವ ಹಕ್ಕು ಆ ತನಕ ದೊರೆಯದಾಗಿತ್ತು. ಈಗ ದೊರೆಯ ವಿರುದ್ಧವೇ ಜನರನ್ನು ಕರೆದಿದ್ದರು.

ಇಲ್ಲಿಂದ ಮುಂದಿನದು ಹಾಜರಿ ಪುಸ್ತಕದ ಕತೆ.

1660ರಲ್ಲಿ ಎರಡನೇ ಚಾರ್ಲ್ಸ್ ಪಟ್ಟಕ್ಕೆ ಬಂದ. ಬಿಷಪ್ಪರು ಮತ್ತೆ ಬಂದರು. ಅವರನ್ನು ಒಪ್ಪದ ಇನ್ನೂರೈವತ್ತಕ್ಕೂ ಹೆಚ್ಚು ಪಾದ್ರಿಗಳು ತಮ್ಮ ಚರ್ಚು, ಮನೆ ಬಿಟ್ಟು ಹೊರಬಿದ್ದರು. ಜನರೂ ಅವರ ಹಿಂದೆ ಹೊರಟರು. ಚರ್ಚುಗಳು ಖಾಲಿ ಹೊಡೆದವು. 1663ರಲ್ಲಿ ಸರ್ಕಾರ ಒಂದು ಕಾನೂನು ಮಾಡಿತು: ಭಾನುವಾರ ನಿಮ್ಮ ಊರಿನ ಚರ್ಚಿಗೆ ಹೋಗದಿದ್ದರೆ ದಂಡ. ಜನ ಅದಕ್ಕೆ 'ಬಿಷಪ್ಪನ ಎಳೆಬಲೆ' ಅಂತ ಅಡ್ಡಹೆಸರಿಟ್ಟರು. ಬಾರದವರ ಹೆಸರು ಪಾದ್ರಿ ಬರೆದುಕೊಡಬೇಕು, ದಂಡ ವಸೂಲಿಗೆ ಸಿಪಾಯಿಗಳು ಮನೆಗೆ ಬಂದು ಕೂರಬೇಕು. ನೈಋತ್ಯದ ಗ್ಯಾಲೊವೇ ಸೀಮೆಯಲ್ಲಿ ಈ ವಸೂಲಿಗೆ ನಿಂತವನು ಸರ್ ಜೇಮ್ಸ್ ಟರ್ನರ್. ಇವನೂ ಜರ್ಮನಿಯಲ್ಲಿ ಸ್ವೀಡನ್ನಿನ ಪಾಳಯದಲ್ಲಿ ಕಸುಬು ಕಲಿತವನೇ, ಮುಂದೆ ಯುದ್ಧವಿದ್ಯೆಯ ಮೇಲೆ 'ಪಲ್ಲಾಸ್ ಆರ್ಮಾಟಾ' ಅನ್ನುವ ಪುಸ್ತಕವನ್ನೂ ಪ್ರಕಟಿಸಿದ. ಚರ್ಚಿನ ಹಾಜರಿ ಹೀಗೆ ದಂಡಿನವರ ಕೈಗೆ ಹೋಯಿತು. 1666ರ ನವೆಂಬರಿನಲ್ಲಿ ಡಾಲ್ರೈ ಎಂಬ ಹಳ್ಳಿಯಲ್ಲಿ ದಂಡ ಕಟ್ಟದ ಮುದುಕನೊಬ್ಬನನ್ನು ಸಿಪಾಯಿಗಳು ಹಿಂಸಿಸುತ್ತಿದ್ದರು. ಜನ ತಿರುಗಿಬಿದ್ದರು. ಎರಡು ದಿನ ಬಿಟ್ಟು ಡಮ್‌ಫ್ರೀಸ್ ಪಟ್ಟಣಕ್ಕೆ ನುಗ್ಗಿ ಟರ್ನರ್ ಸಾಹೇಬರನ್ನು ರಾತ್ರಿಯುಡುಪಿನಲ್ಲೇ ಹಿಡಿದರು. ಅದೇ ತಿಂಗಳ 28ರಂದು ರಲಿಯನ್ ಗ್ರೀನ್‌ನಲ್ಲಿ ಆ ದಂಗೆ ಮಣ್ಣು ಮುಕ್ಕಿತು.

ಆಮೇಲೂ ಜನ ಬಯಲಿಗೆ ಹೋಗುವುದು ಬಿಡಲಿಲ್ಲ. ಕಣಿವೆಗಳಲ್ಲಿ, ಜವುಗು ನೆಲದ ಆಚೆ ದಿಬ್ಬಗಳಲ್ಲಿ ಸೇರಿ ಉಪದೇಶ ಕೇಳುತ್ತಿದ್ದರು. ಈ ಸಭೆಗಳನ್ನು 'ಕಾನ್ವೆಂಟಿಕಲ್' ಅನ್ನುತ್ತಿದ್ದರು. ಅಲೆಕ್ಸಾಂಡರ್ ಪೀಡನ್ ಎಂಬ ಪಾದ್ರಿ ಗುರುತು ಸಿಗದಿರಲಿ ಅಂತ ಚರ್ಮದ ಮುಖವಾಡ ತೊಟ್ಟು ತಿರುಗುತ್ತಿದ್ದ. ಗಡ್ಡದ ಕೂದಲು ಅಂಟಿಸಿದ ಆ ಮುಖವಾಡ ಇವತ್ತಿಗೂ ಎಡಿನ್‌ಬರೋದ ಮ್ಯೂಸಿಯಮ್ಮಿನಲ್ಲಿದೆ.

1670ರಲ್ಲಿ ಸ್ಕಾಟ್ ಸಂಸತ್ತು ಇದಕ್ಕೊಂದು ಕಾಯ್ದೆ ತಂದಿತು. ಬಯಲಲ್ಲಿ ಉಪದೇಶ ಮಾಡಿದ, ಪ್ರಾರ್ಥಿಸಿದ ಪಾದ್ರಿಗೆ, ಅಂಥ ಸಭೆ ಕರೆದವನಿಗೆ, ಮರಣದಂಡನೆ ಮತ್ತು ಆಸ್ತಿ ಮುಟ್ಟುಗೋಲು. ಹಿಡಿದುಕೊಟ್ಟವರಿಗೆ 500 ಮರ್ಕ್ ಬಹುಮಾನ. ಬಯಲು ಅಂದರೆ ಯಾವುದು ಅನ್ನುವುದಕ್ಕೂ ವ್ಯಾಖ್ಯೆ ಕೊಟ್ಟರು. ಮನೆಯೊಳಗೆ ನಡೆದ ಪ್ರಾರ್ಥನೆಯೇ ಆದರೂ ಜಾಗ ಸಾಲದೆ ನಾಲ್ಕು ಜನ ಬಾಗಿಲಾಚೆ ನಿಂತರೆ ಅದೂ ಬಯಲೇ. ಹೊಸ್ತಿಲಿನ ಒಳಗೆ ಜುಲ್ಮಾನೆ, ಹೊಸ್ತಿಲಿನ ಹೊರಗೆ ನೇಣು! ಇಷ್ಟು ಕಠಿಣ ಶಿಕ್ಷೆ ಯಾಕೆ ಅಂತ ಸಮಜಾಯಿಷಿ ಕೊಡುವಾಗ ಕಾಯ್ದೆ ಬರೆದವರು ನಮ್ಮ ಪದವನ್ನು ಕೈಗೆತ್ತಿಕೊಂಡರು. ಈ ಸಭೆಗಳು 'ದಂಗೆಯ ರಾಂಡೆವೂಗಳು' ಅಂದರು.

ನನಗೆ ಈ ಪದದ ಇಡೀ ಚರಿತ್ರೆಯಲ್ಲಿ ಮುಖ್ಯ ಅನ್ನಿಸುವುದು ಈ ಒಂದು ಸಾಲು. ಸಭೆ ಅಂದಿದ್ದರೆ ಅಲ್ಲಿ ಹೆಂಗಸರು, ಮಕ್ಕಳು, ಸ್ಟೂಲು ಹೊತ್ತು ಬಂದ ಅಜ್ಜಿಯರು ಕಾಣುತ್ತಿದ್ದರು. ರಾಂಡೆವೂ ಅಂದ ಕೂಡಲೇ ಅವರೆಲ್ಲ ಮಾಯವಾಗಿ ಸಾಲುಗಟ್ಟಿದ ಸಿಪಾಯಿಗಳು ಕಾಣುತ್ತಾರೆ. ಪಾದ್ರಿ ಸೇನಾಪತಿಯಾಗುತ್ತಾನೆ, ಕೀರ್ತನೆ ರಣಕಹಳೆಯಾಗುತ್ತದೆ. ಪ್ರಾರ್ಥಿಸುವವನನ್ನು ಕೊಲ್ಲುವುದು ಯಾವ ದೊರೆಗೂ ಮುಜುಗರದ ಕೆಲಸ, ಶತ್ರುಸೈನ್ಯದವನನ್ನು ಕೊಲ್ಲುವುದಕ್ಕೆ ಮುಜುಗರ ಯಾಕೆ? ಸರ್ಕಾರಕ್ಕೆ ಹೆದರಲು ಕಾರಣವೇ ಇರಲಿಲ್ಲ ಅಂತಲ್ಲ, ನಾಲ್ಕು ವರ್ಷದ ಹಿಂದಷ್ಟೇ ಟರ್ನರ್ ಸೆರೆ ಸಿಕ್ಕಿದ್ದ. ಆದರೆ ಆ ಭಯವನ್ನು ಪ್ರತಿಯೊಂದು ದಿಬ್ಬದ ಪ್ರತಿಯೊಂದು ಪ್ರಾರ್ಥನೆಗೂ ಹಚ್ಚಿದ್ದು ಈ ಪದ.

ಹಾಗೆ ಕರೆದದ್ದರ ಫಲ ಏನಾಯಿತು ನೋಡಿ. ಪ್ರಾರ್ಥನೆ ನಡೆಸಿದವನಿಗೆ ನೇಣು ಅಂದ ಮೇಲೆ ಜನ ಕತ್ತಿ ಹಿಡಿದೇ ಹೋಗತೊಡಗಿದರು. 1678ರಲ್ಲಿ ವೈಟ್‌ಆಡರ್ ನದಿಯ ದಂಡೆಯ ಈಸ್ಟ್ ನಿಸ್ಬೆಟ್‌ನಲ್ಲಿ ಸಾವಿರಾರು ಜನ ಪ್ರಭುಭೋಜನಕ್ಕೆ ಸೇರಿದಾಗ ಸುತ್ತಲೂ ಕುದುರೆ ಸವಾರರ ಕಾವಲಿತ್ತು. ಮರುವರ್ಷ ಜೂನ್ 1ರ ಭಾನುವಾರ ಲೌಡನ್ ಬೆಟ್ಟದ ಹತ್ತಿರ ಅಂಥದೇ ಸಭೆಯನ್ನು ಚದುರಿಸಲು ಜಾನ್ ಗ್ರಹಾಂ ಆಫ್ ಕ್ಲೇವರ್‌ಹೌಸ್ ಕುದುರೆ ಪಡೆ ತಂದ. ಡ್ರಂಕ್ಲಾಗ್‌ನ ಜವುಗಿನಲ್ಲಿ ಅವನೇ ಸೋತು ಓಡಿದ. ಕಾಯ್ದೆ ಒಂಬತ್ತು ವರ್ಷದ ಹಿಂದೆ ಏನು ಕರೆದಿತ್ತೋ ಸಭೆ ಆ ದಿನ ಅದೇ ಆಗಿಬಿಟ್ಟಿತ್ತು. ಆ ಸಂಭ್ರಮ ಮೂರೇ ವಾರ. ಜೂನ್ 22ರಂದು ಬಾತ್‌ವೆಲ್ ಸೇತುವೆಯ ಬಳಿ ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದ ಕವೆನೆಂಟರ್‌ಗಳು ನುಚ್ಚುನೂರಾದರು. ಸೆರೆಸಿಕ್ಕ ಸಾವಿರಕ್ಕೂ ಹೆಚ್ಚು ಜನರನ್ನು ತಿಂಗಳುಗಟ್ಟಲೆ ಕೂಡಿಹಾಕಿದ್ದು ಗ್ರೇಫ್ರಯರ್ಸ್ ಚರ್ಚಿನ ಪಕ್ಕದ ಬಯಲಲ್ಲಿ. 1638ರಲ್ಲಿ ಸಹಿ ಹಾಕಿದ ಅದೇ ಗ್ರೇಫ್ರಯರ್ಸ್. ಅವರಲ್ಲಿ ಇನ್ನೂರೈವತ್ತರಷ್ಟು ಜನರನ್ನು ಅಮೆರಿಕದ ಕಡೆಯ ತೋಟಗಳಲ್ಲಿ ಜೀತಕ್ಕೆಂದು ಹಡಗು ಹತ್ತಿಸಿದರು. ಡಿಸೆಂಬರಿನ ಬಿರುಗಾಳಿಗೆ ಆರ್ಕ್ನಿ ದ್ವೀಪದ ಬಳಿ ಹಡಗು ಒಡೆದು ಸುಮಾರು 200 ಮಂದಿ ಮುಳುಗಿ ಸತ್ತರು.

ವಾಲ್ಟರ್ ಸ್ಕಾಟ್ ತನ್ನ 'ಓಲ್ಡ್ ಮಾರ್ಟಾಲಿಟಿ' (1816) ಕಾದಂಬರಿಯನ್ನು ಇದೇ 1679ರ ಒಂದು ವಾಪಿನ್‌ಶಾದಿಂದ ಶುರು ಮಾಡುತ್ತಾನೆ. ಜಮೀನ್ದಾರಿಣಿಯೊಬ್ಬಳು ಇಂತಿಷ್ಟು ಸವಾರರನ್ನು ಕಳಿಸಬೇಕು, ಒಬ್ಬ ಕಡಿಮೆ ಬೀಳುತ್ತಾನೆ. ಉಳುವ ಆಳು ಕಡ್ಡಿಯ ತಾಯಿ ಧರ್ಮದ ಕಾರಣಕ್ಕೆ ಮಗನನ್ನು ಕಳಿಸಳು. ಕೊನೆಗೆ ಬುದ್ಧಿ ಮಂದವಾದ ಹುಡುಗನೊಬ್ಬನಿಗೆ ದೊಡ್ಡವರ ಬೂಟು ತೊಡಿಸಿ ಕುದುರೆ ಹತ್ತಿಸುತ್ತಾರೆ, ಅವನು ಊರ ಮುಂದೆ ನಗೆಪಾಟಲಾಗುತ್ತಾನೆ. ಓದುವಾಗ ನಗು ಬರುತ್ತದೆ. ಹಾಜರಾಗದ ಆ ತಾಯಿ ಮಗ ಮನೆ ಕಳಕೊಂಡು ಬೀದಿಗೆ ಬೀಳುತ್ತಾರೆ, ಅಲ್ಲಿಗೆ ನಗು ನಿಲ್ಲುತ್ತದೆ.

ವಾಪಿನ್‌ಶಾ ಆಮೇಲೆ ರೈಫಲ್ ಗುರಿ ಸ್ಪರ್ಧೆಯ ಹೆಸರಾಗಿ ಉಳಿಯಿತು. ರಾಂಡೆವೂ ದಂಡು ಬಿಟ್ಟು ಪ್ರೇಮಿಗಳ ಪಾಲಾಯಿತು. ಆ ಬಯಲಿನ ಜನ ಏನಾದರು? 1688ರಲ್ಲಿ ದೊರೆ ಬದಲಾದ. ಮರುವರ್ಷ ಮೇ 14ರಂದು ಡಗ್ಲಸ್ ಎಂಬ ಊರಿನಲ್ಲಿ ಹೊಸ ಸರ್ಕಾರಕ್ಕಾಗಿ ಒಂದು ರೆಜಿಮೆಂಟ್ ಕಟ್ಟಿದರು, ಹೆಸರು ಕ್ಯಾಮರೋನಿಯನ್ಸ್. ಬಂದು ಸೇರಿದವರು ಅದೇ ದಂಗೆಯ ರಾಂಡೆವೂಗಳ ಜನ. ಅದನ್ನು ಮುನ್ನಡೆಸಿದ ವಿಲಿಯಂ ಕ್ಲೀಲಂಡ್ ಹದಿಹರೆಯದಲ್ಲಿ ಡ್ರಂಕ್ಲಾಗ್‌ನಲ್ಲಿ ಕ್ಲೇವರ್‌ಹೌಸ್‌ನ ವಿರುದ್ಧ ಹೋರಾಡಿದ್ದವನು. ಈ ಸಲ ಕರೆದದ್ದು ಸರ್ಕಾರ, ಹಾಗಾಗಿ ಯಾರೂ ಅದನ್ನು ಅಪರಾಧ ಅನ್ನಲಿಲ್ಲ.

ಆ ರೆಜಿಮೆಂಟ್ ತನ್ನ ಬಯಲು ಪ್ರಾರ್ಥನೆಗೆ ನಾಲ್ಕೂ ದಿಕ್ಕಿಗೆ ಕಾವಲು ನಿಲ್ಲಿಸುವ ಪದ್ಧತಿ ಬಿಡಲಿಲ್ಲ. 1968ರ ಮೇ 14ರಂದು ಅದನ್ನು ವಿಸರ್ಜಿಸಿದ್ದೂ ಡಗ್ಲಸ್‌ನ ಬಯಲಲ್ಲಿ, ಪ್ರಾರ್ಥನೆ ನಡೆಸಿಯೇ. ಆ ದಿನವೂ ಮೊದಲು ಕಾವಲಿನವರು ಹೊರಟರು. ಶತ್ರು ಎಲ್ಲೂ ಕಾಣುತ್ತಿಲ್ಲ ಅಂತ ಅಧಿಕಾರಿ ಬಂದು ಹೇಳಿದ ಮೇಲೆಯೇ ಪಾದ್ರಿ ಬಾಯಿ ತೆರೆದದ್ದು.